ಕಿವಿ ತೆಗೆದಿಡುತ್ತಿದ್ದ ವಕೀಲಮ್ಮ

ಅವರ ಎಡಗಿವಿಯ ಹಿಂದೆ ಹುಣಸೆ ಬೀಜದ ಬಣ್ಣದ, ಹೆಚ್ಚುಕಡಿಮೆ ಅಷ್ಟೇ ದೊಡ್ಡದಾದ ಒಂದು ಕಿವಿಯಂತ್ರ ಇರುತ್ತಿತ್ತು. ಬಲಗಿವಿ ಚಿಕ್ಕಂದಿನಲ್ಲೇ ಜ್ವರಕ್ಕೆ ಹೋಗಿತ್ತಂತೆ. ಮಾತಿನ ನಡುವೆ ಅವರು ಆ ಯಂತ್ರವನ್ನು ಎರಡು ಬೆರಳಲ್ಲಿ ಬಿಡಿಸಿ ಮೇಜಿನ ಮೇಲಿಟ್ಟರೆ, ಎದುರಿಗಿದ್ದವರು ಇನ್ನು ಮಾತಾಡಬಾರದು ಎಂದು ಅರ್ಥ. ಅದನ್ನು ಅವಮಾನ ಎಂದುಕೊಂಡು ಎದ್ದು ಹೋದವರಿದ್ದಾರೆ. ನಾನೂ ಹಾಗೆ ಎದ್ದು ಬಂದವಳೇ.

ಅವರು ಸಿಡ್ನಿಯಲ್ಲಿ ಕ್ರಿಮಿನಲ್ ಕೇಸು ನೋಡುತ್ತಿದ್ದ ವಕೀಲರು. ಧಾರವಾಡದ ಕಡೆಯವರು. ಮದುವೆಯಾಗಿ ಆಸ್ಟ್ರೇಲಿಯಾಕ್ಕೆ ಬಂದು, ಮಗಳು ಶಾಲೆಗೆ ಹೋಗತೊಡಗಿದ ಮೇಲೆ ಕಾನೂನು ಓದಿದ್ದರು. ನಾನು ಕಂಡಾಗ ಅರವತ್ತು ದಾಟಿತ್ತು. ಪ್ಯಾರಮ್ಯಾಟಾದಲ್ಲಿ ಮೊಬೈಲ್ ರಿಪೇರಿ ಅಂಗಡಿಯ ಮೇಲಿನ ಕೋಣೆ ಅವರ ಆಫೀಸು. ಮೇಜಿನ ಡ್ರಾಯರಿನಲ್ಲಿ ಯಾವಾಗಲೂ ಹಚ್ಚಿದ ಅವಲಕ್ಕಿಯ ಡಬ್ಬಿ. ಯಾರೇ ಬರಲಿ, ಮೊದಲು ಒಂದು ಪೇಪರ್ ನ್ಯಾಪ್ಕಿನ್ ಮೇಲೆ ಎರಡು ಚಮಚ ಅವಲಕ್ಕಿ ಹಾಕಿ ಮುಂದೆ ತಳ್ಳುತ್ತಿದ್ದರು.

"ಮೊದಲ ಇದನ್ನ ತಿನ್ರಿ. ಬಾಯಾಗ ಅವಲಕ್ಕಿ ಇದ್ದಾಗ ಸುಳ್ಳ ಹೇಳಾಕ ಬರೂದಿಲ್ಲ" ಎನ್ನುತ್ತಿದ್ದರು.

ಅಲ್ಲಿನ ನಮ್ಮ ಹುಡುಗರು ಅವರನ್ನು ವಕೀಲ ಆಂಟಿ ಎನ್ನುತ್ತಿದ್ದರು. ನನಗೆ ಆಂಟಿ ಎನ್ನಲು ಬಾಯಿ ಬರಲಿಲ್ಲ. ಎದುರಿಗೆ ಮೇಡಂ ಎಂದೆ, ಮನೆಯಲ್ಲಿ ವಕೀಲಮ್ಮ ಎಂದೆ. "ಏನೂ ಆಗಲ್ಲ, ಧೈರ್ಯವಾಗಿರಿ" ಎಂದು ಅವರು ಯಾರಿಗೂ ಹೇಳಿದ್ದನ್ನು ನಾನು ಕೇಳಿಲ್ಲ. ಏನಾಗಬಹುದು ಎನ್ನುವುದನ್ನು ಇದ್ದಂತೆ ಹೇಳುತ್ತಿದ್ದರು. ನನ್ನ ತಮ್ಮನ ವಿಷಯದಲ್ಲೂ ಹಾಗೆಯೇ ಹೇಳಿದರು. ಆರೋಪ ಸಾಬೀತಾದರೆ ಇಪ್ಪತ್ತೈದು ವರ್ಷದವರೆಗೂ ಒಳಗಿಡಬಹುದು ಎಂದರು.

ಈ ಕಥೆ ನನ್ನಿಂದ ಶುರುವಾದದ್ದು, ಹಾಗಾಗಿ ನನ್ನದನ್ನೂ ಸ್ವಲ್ಪ ಹೇಳಬೇಕು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಮಂಡ್ಯದ ಕಡೆಯವಳು. ನಮ್ಮ ಯಜಮಾನರು ಅಡುಗೆ ಕೆಲಸದ ವೀಸಾದ ಮೇಲೆ ಮೆಲ್ಬರ್ನ್‌ಗೆ ಬಂದರು, ಹಿಂದೆಯೇ ನಾನು ಬಂದೆ. ಡ್ಯಾಂಡಿನಾಂಗ್‌ನಲ್ಲಿ ಮನೆ. ಅಲ್ಲಿನ ಇಂಡಿಯನ್ ಅಂಗಡಿಗಳಿಗೆ ನಾನು ದೋಸೆ ಹಿಟ್ಟು ರುಬ್ಬಿ ಕೊಡುತ್ತಿದ್ದೆ. ನನಗಿಂತ ಹತ್ತು ವರ್ಷ ಚಿಕ್ಕವನಾದ ತಮ್ಮ ಸ್ಟೂಡೆಂಟ್ ವೀಸಾದಲ್ಲಿ ಸಿಡ್ನಿಗೆ ಬಂದು, ದಿ ಪಾಂಡ್ಸ್ ಎಂಬ ಬಡಾವಣೆಯಲ್ಲಿ ಒಂದು ಮನೆಯ ಗ್ಯಾರೇಜಿನ ಪಕ್ಕದ ರೂಮು ಹಿಡಿದಿದ್ದ. ಓದುವುದು, ಉಳಿದ ಹೊತ್ತು ಊಟ ಡೆಲಿವರಿ ಮಾಡುವುದು. ಅವನಿಗೆ ಅನ್ನ ಮಾಡಲೂ ಬರುತ್ತಿರಲಿಲ್ಲ.

ನನ್ನ ಹತ್ತಿರ ಹಿಟ್ಟಿಗೆ ಬರುತ್ತಿದ್ದವರಲ್ಲಿ ಒಬ್ಬ ಹುಡುಗನಿದ್ದ. ಬಂದಾಗಲೆಲ್ಲ ಅಕ್ಕ ಅಕ್ಕ ಎಂದು ಅಡುಗೆಮನೆ ತನಕ ಬರುತ್ತಿದ್ದ, ದೋಸೆ ಹಾಕಿಸಿಕೊಂಡು ತಿನ್ನುತ್ತಿದ್ದ. ಒಂದು ದಿನ ಕೇಳಿದ.

"ಅಕ್ಕ, ಸಿಡ್ನೀಲಿ ನಮ್ ಕಸಿನ್ ಮನೆ ಗೃಹಪ್ರವೇಶ. ಊರಿಂದ ಎರಡು ವೆಟ್ ಗ್ರೈಂಡರ್ ಬರ್ತಾ ಇದೆ. ಅವ್ರಿಗೆ ಇನ್ನೂ ಮನೆ ಕೀ ಸಿಕ್ಕಿಲ್ಲ. ನಿಮ್ ತಮ್ಮ ಇಸ್ಕೊಂಡು ಇಟ್ಟಿರ್ತಾನಾ?"

"ಅದಕ್ಕೇನಪ್ಪ, ಇಡ್ತಾನೆ."

"ಪಾರ್ಸೆಲ್ ಮೇಲೆ ಹೆಸರೂ ಅವನದ್ದೇ ಹಾಕಿಸ್ಲಾ? ನನ್ನ ಹೆಸರಲ್ಲಿ ಆಗ್ಲೇ ಒಂದು ಬಂದಿದೆ, ಕಸ್ಟಮ್ಸ್‌ನೋರು ಸುಮ್ನೆ ತಲೆ ತಿಂತಾರೆ."

ಹೆಂಚಿನ ಮೇಲೆ ತಿರುಗುತ್ತಿದ್ದ ನನ್ನ ಸೌಟು ಒಂದು ಗಳಿಗೆ ನಿಂತಿತು. ಅವನ ಹೆಸರಲ್ಲಿ ಬಂದರೆ ತೊಂದರೆಯಾಗುವಂಥದ್ದು ನನ್ನ ತಮ್ಮನ ಹೆಸರಲ್ಲಿ ಬಂದರೆ ಹೇಗೆ ಸರಿಹೋಗುತ್ತದೆ ಎಂದು ಮನಸ್ಸಿಗೆ ಬಂತು. ಆದರೆ ನಮ್ಮಲ್ಲಿ ಹಾಗೆಲ್ಲ ಕೇಳುವುದಿಲ್ಲ. ಊರಿಗೆ ಯಾರಾದರೂ ಹೊರಟರೆ ಅವರ ಸೂಟ್‌ಕೇಸಿನಲ್ಲಿ ಎರಡು ಕೆಜಿ ಜಾಗ ನಮ್ಮದು, ನಮ್ಮದರಲ್ಲಿ ಅವರದು. ಕಟ್ಟಿ ಕೊಟ್ಟ ಗಂಟನ್ನು ಬಿಚ್ಚಿ ನೋಡಿದರೆ ಕೊಟ್ಟವರ ಮುಖಕ್ಕೆ ಹೊಡೆದ ಹಾಗೆ. ಚಕ್ಕುಲಿ, ಔಷಧಿ, ಮಗುವಿನ ಬಟ್ಟೆ ಎಂದು ನಾನೂ ಎಷ್ಟೋ ಗಂಟು ಹೊತ್ತು ತಂದಿದ್ದೆ. ದೋಸೆ ಹಾಕಿ ಮುಗಿಸಿ, "ಹಾಕ್ಸು" ಎಂದೆ.

ತಮ್ಮನಿಗೆ ಫೋನ್ ಮಾಡಿದೆ.

"ಒಂದು ಪಾರ್ಸೆಲ್ ಬರುತ್ತೆ ಕಣೋ, ನಿನ್ನ ಹೆಸರಿಗೆ. ಇಸ್ಕೊಂಡು ಇಡು."

"ಯಾರ್ದು?"

"ನಮ್ಮೋರ್ದೇ. ಗ್ರೈಂಡರ್."

"ಒಳ್ಳೇದಾಯ್ತು ಬಿಡು, ನಾನೂ ದೋಸೆ ಅಂಗಡಿ ಇಡ್ತೀನಿ" ಎಂದು ನಕ್ಕ. ಹೆಸರಿನ ಮಾತು ಯಾಕೆ ಬಂತು ಎನ್ನುವುದನ್ನು ನಾನು ಅವನಿಗೆ ಹೇಳಲಿಲ್ಲ.

ಗ್ರೈಂಡರಿನ ಕಲ್ಲಿನ ಪಾತ್ರೆಯ ಕೆಳಗೆ, ಮೋಟರ್ ಇರುವ ಜಾಗದಲ್ಲಿ ಮಾದಕ ವಸ್ತುವಿನ ಪುಡಿ ತುಂಬಿದ್ದರು. ಅದು ಕಸ್ಟಮ್ಸ್‌ನಲ್ಲೇ ಸಿಕ್ಕಿತ್ತು. ಪೊಲೀಸರು ಅಸಲಿ ಪುಡಿ ತೆಗೆದು ಬೇರೇನೋ ತುಂಬಿ, ಕೊರಿಯರ್‌ನವನ ಜಾಕೆಟ್ ಹಾಕಿಕೊಂಡು ತಾವೇ ತಂದು ಕೊಟ್ಟರು. ನನ್ನ ತಮ್ಮ ಸಹಿ ಹಾಕಿ, ಎರಡೂ ಡಬ್ಬಗಳನ್ನು ಗ್ಯಾರೇಜಿಗೆ ಹೊತ್ತ. ಅಷ್ಟರಲ್ಲಿ ಹಿಡಿದರು.

ಸ್ಟೇಷನ್‌ನಲ್ಲಿ ಇದು ಯಾರದ್ದು ಎಂದು ಕೇಳಿದಾಗ ಅವನು, "ನಾನೇ ತರಿಸಿದ್ದು, ಅಡುಗೆಗೆ" ಎಂದುಬಿಟ್ಟ. ಇಲ್ಲೇ ಕಾಯಂ ಆಗಿ ನೆಲೆಸಲು ನಾವು ಹಾಕಿದ್ದ ಪಿಆರ್ ಅರ್ಜಿ ಆಗ ಸರ್ಕಾರದ ಮುಂದಿತ್ತು. ಅಕ್ಕನ ಹೆಸರು ಬಂದರೆ ಅದು ಹೋಗುತ್ತದೆ ಎಂದು ಅವನು ಹೇಳಿದ ಸುಳ್ಳು ಅದು. ಅನ್ನ ಮಾಡಲು ಬಾರದವನು ಎರಡು ಗ್ರೈಂಡರ್ ತರಿಸಿದ್ದ ಎನ್ನುವ ಮಾತನ್ನು ಯಾರು ನಂಬುತ್ತಾರೆ? ಆ ಸುಳ್ಳೇ ಸರ್ಕಾರಿ ಕಡೆಯವರ ಕೈಗೆ ದೊಡ್ಡ ಸಾಕ್ಷಿಯಾಯಿತು. ಅಕ್ಕ ಎಂದು ಕರೆಯುತ್ತಿದ್ದ ಹುಡುಗನ ಫೋನು ಅವತ್ತಿನಿಂದ ಬಂದ್. ಅವನು ದೇಶ ಬಿಟ್ಟಿದ್ದ ಎಂದು ಆಮೇಲೆ ತಿಳಿಯಿತು.

ತಮ್ಮನಿಗೆ ಸರ್ಕಾರದ ಕಾನೂನು ನೆರವಿನಲ್ಲಿ ಸಿಕ್ಕವರು ಈ ವಕೀಲಮ್ಮ. ಅವನಿಗೆ ಬೇಲ್ ಇಲ್ಲ ಎಂದಾದ ದಿನ ನಾನು ಸಿಡ್ನಿಗೆ ಹೋದೆ. ಬಸ್ ಹತ್ತಿಸುವಾಗ ನಮ್ಮ ಯಜಮಾನರು, "ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು. ಪಿಆರ್ ಬರೋ ಟೈಮಲ್ಲಿ ನಮ್ ಹೆಸರು ಎಲ್ಲೂ ಬರಬಾರ್ದು" ಎಂದಿದ್ದರು. ಹೂಂ ಎಂದು ಹೊರಟವಳಿಗೆ ದಾರಿಯುದ್ದಕ್ಕೂ ತಮ್ಮನ ಮುಖವೇ ಕಾಣುತ್ತಿತ್ತು. ಆಫೀಸಿನಲ್ಲಿ ಅವರು ಅವಲಕ್ಕಿ ಮುಂದಿಟ್ಟರು. ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ, "ಮೇಡಂ, ಆ ಪಾರ್ಸೆಲ್ಲು... ನಾನು..." ಎಂದೆ.

ಅವರ ಕೈ ಕಿವಿಗೆ ಹೋಯಿತು. ಯಂತ್ರ ಮೇಜಿನ ಮೇಲೆ ಬಂದು ಕೂತಿತು.

"ಈಗ ನನಗೇನೂ ಕೇಳಸೂದಿಲ್ಲ. ನೀವು ಮಾತ್ರ ಕೇಳ್ರಿ" ಎಂದರು, ಕಿವಿ ಕೇಳದವರು ಮಾತಾಡುವ ಹಾಗೆ ಸ್ವಲ್ಪ ಗಟ್ಟಿಯಾಗಿ. "ನಾನು ನಿಮ್ಮ ತಮ್ಮನ ವಕೀಲಿ. ನಿಮ್ಮ ವಕೀಲಿ ಅಲ್ಲ. ಇಲ್ಲಿಂದ ಹೋಗಿ ನಿಮಗಂತ ಬ್ಯಾರೆ ಒಬ್ಬ ವಕೀಲರನ್ನ ಕಾಣ್ರಿ. ಅವರು ಹೂಂ ಅಂದಮ್ಯಾಲ ನನ್ನ ಹತ್ರ ಬರ್ರಿ. ಆವಾಗ ಇದನ್ನ ಹಾಕ್ಕೋತೀನಿ."

ನನಗೆ ಮೈ ಉರಿಯಿತು. ವಕೀಲರು ಬೇಕಾಗುವುದು ಕಳ್ಳರಿಗೆ, ನನ್ನನ್ನೂ ಕಳ್ಳಿ ಎಂದುಕೊಂಡರು ಎಂದು ಎದ್ದೆ. ಆದರೆ ಮೆಟ್ಟಿಲು ಇಳಿಯುವಾಗ ಮೈ ಹಗುರವಾಯಿತು ಎನ್ನುವುದನ್ನೂ ಇಲ್ಲಿ ಬರೆಯಬೇಕು. ಹೇಳಲು ಹೋಗಿದ್ದೆ, ಅವರೇ ಕೇಳಲಿಲ್ಲ. ಈ ಒಂದು ಮಾತನ್ನು ಇಟ್ಟುಕೊಂಡು ನಾನು ತಿಂಗಳುಗಟ್ಟಲೆ ಕಳೆದೆ.

ಅವರು ಆಗಾಗ ಫೋನ್ ಮಾಡುತ್ತಿದ್ದರು. ಕೇಸಿನ ಸುದ್ದಿಯಿಲ್ಲ, ಸುತ್ತುಬಳಸು ಇಲ್ಲ.

"ವಕೀಲರನ್ನ ಕಂಡ್ರೇನು?"

"ಇನ್ನೂ ಇಲ್ಲ ಮೇಡಂ. ಆರ್ಡರ್ ಜಾಸ್ತಿ ಇತ್ತು."

"ಹೂಂ. ಹಿಟ್ಟು ಇಟ್ಟಲ್ಲೇ ಇಟ್ರ ಏನಾಗ್ತದ ಅಂತ ನಾ ನಿಮಗ ಹೇಳಬೇಕೇನು?" ಎಂದು ಇಟ್ಟುಬಿಡುತ್ತಿದ್ದರು.

ಆಮೇಲೆ ಅವರ ನಂಬರು ಕಂಡರೆ ನಾನು ಗ್ರೈಂಡರ್ ಹಾಕಿಬಿಡುತ್ತಿದ್ದೆ. ಫೋನು ಕೇಳಿಸಲಿಲ್ಲ ಎಂದುಕೊಳ್ಳಲು ಅಷ್ಟು ಸದ್ದು ಸಾಕಿತ್ತು.

ತಮ್ಮ ರಿಮ್ಯಾಂಡ್ ಜೈಲಿನಲ್ಲಿದ್ದ. ವಿಡಿಯೊದಲ್ಲಿ ಮಾತಾಡಲು ಬಿಡುತ್ತಿದ್ದರು. ಜೈಲಿನ ಹಸಿರು ಬಟ್ಟೆಯಲ್ಲಿ ಅವನು ಬೇರೆ ಯಾರೋ ಆಗಿ ಕಾಣುತ್ತಿದ್ದ. ಊಟದ ಬಗ್ಗೆ ಕೇಳಿದರೆ ಬ್ರೆಡ್ಡು ಎನ್ನುತ್ತಿದ್ದ. ಪ್ರತಿ ಸಲವೂ ಕೊನೆಗೆ ಅವನು ಕೇಳುತ್ತಿದ್ದದ್ದು ಒಂದೇ.

"ಅಕ್ಕ, ಪಿಆರ್ ಬಂತಾ?"

"ಇನ್ನೂ ಇಲ್ಲ ಕಣೋ."

"ಬರುತ್ತೆ ಬಿಡು. ನೀನೇನೂ ತಲೆ ಕೆಡಿಸ್ಕೋಬೇಡ."

ಅವನ ವಿಚಾರಣೆಗೆ ದಿನ ಗೊತ್ತಾದ ಮೇಲೆ ಒಂದು ಶನಿವಾರ ಮಧ್ಯಾಹ್ನ ನಮ್ಮ ಮನೆ ಬಾಗಿಲು ಬಡಿಯಿತು. ವಕೀಲಮ್ಮ ನಿಂತಿದ್ದರು. ಅವರ ಮಗಳ ಮನೆ ಮೆಲ್ಬರ್ನ್‌ನಲ್ಲೇ, ಗ್ಲೆನ್ ವೇವರ್ಲಿಯಲ್ಲಿ. ಅಲ್ಲಿಗೆ ಬಂದವರು ಬಸ್ಸು ಹಿಡಿದು ಬಂದಿದ್ದರು.

"ಗಾಬರಿ ಆಗಬ್ಯಾಡ್ರಿ. ಗ್ರೈಂಡರ್ ನೋಡಾಕ ಬಂದೀನಿ. ನಾವು ರೊಟ್ಟಿ ಮಂದಿ. ಈ ಕಲ್ಲು ಹೆಂಗ ಕುಣೀತದ ಅಂತ ನಮಗ ಗೊತ್ತಿಲ್ಲ."

ಅಕ್ಕಿ ಹಾಕಿ ಸ್ವಿಚ್ ಒತ್ತಿದೆ. ಆ ಸದ್ದಿಗೆ ಅವರು ಮುಖ ಕಿವುಚಿ, ಕಿವಿಯಂತ್ರ ತೆಗೆದು ಉದ್ದಿನಬೇಳೆ ಡಬ್ಬಿಯ ಪಕ್ಕ ಇಟ್ಟರು. ಕಲ್ಲುಗಳು ಸುತ್ತುವುದನ್ನು ಬಗ್ಗಿ ಬಗ್ಗಿ ನೋಡಿದರು. ಹಿಟ್ಟು ನುಣ್ಣಗಾದ ಮೇಲೆ ಆರಿಸಿದೆ. ಯಂತ್ರವನ್ನು ಮತ್ತೆ ಕಿವಿಗೆ ಹಾಕಿಕೊಂಡು ಕೇಳಿದರು.

"ಇದರ ಬುಡದಾಗ ಏನದ ಅಂತ ಎಂದರ ಬಿಚ್ಚಿ ನೋಡೀರೇನು?"

"ಇಲ್ಲ ಮೇಡಂ. ಅದನ್ಯಾಕೆ ಬಿಚ್ತಾರೆ?"

"ಅದನ್ನ ನಾವು ಹನ್ನೆರಡು ಮಂದಿ ಜ್ಯೂರಿಗೆ ತಿಳಿಸಬೇಕು. ಹನ್ನೆರಡು ಮಂದಿ ಒಂದ ಕೋಣ್ಯಾಗ ಕೂತ್ರ ಚಾಕ್ಕ ಸಕ್ರಿ ಎಷ್ಟ ಅಂತ ಸೈತ ಒಪ್ಪೂದಿಲ್ಲ. ಇಂಥಾ ಕೇಸಿನ್ಯಾಗ ಹನ್ನೆರಡೂ ಮಂದಿ ಒಪ್ಪಬೇಕು."

ನಾನು ದೋಸೆ ಹಾಕಿ ಕೊಟ್ಟೆ. ತಿಂದರು. ಕೈ ತೊಳೆದು ಬಂದು ಕೂತು, ನನ್ನ ಕಡೆ ನೋಡದೆ ಹೇಳಿದರು.

"ನಿಮ್ಮ ತಮ್ಮ ಪೊಲೀಸರ ಮುಂದ ಒಂದು ಸುಳ್ಳ ಹೇಳ್ಯಾನ. ಅದು ಅವರ ರೆಕಾರ್ಡಿಂಗಿನ್ಯಾಗ ಅದ. ಯಾಕ ಹೇಳ್ದಾ ಅಂತ ನಾನು ಊಹಾ ಮಾಡಿ ಜ್ಯೂರಿ ಮುಂದ ಹೇಳಾಕ ಬರೂದಿಲ್ಲ. ಗೊತ್ತಿದ್ದವರು ಯಾರರ ಬಂದು ಹೇಳಬೇಕು. ಹೇಳಲಿಲ್ಲ ಅಂದ್ರ ಆ ಸುಳ್ಳೇ ಅವನನ್ನ ಒಳಗ ಹಾಕ್ತದ."

ನಾನು ಖಾಲಿ ತಟ್ಟೆ ಎತ್ತಿಕೊಂಡು ಸಿಂಕಿನ ಕಡೆ ತಿರುಗಿದೆ.

"ವಕೀಲರನ್ನ ಕಾಣ್ರಿ ಅಂದ್ರ ನೀವು ಕಳ್ಳರು ಅಂತಲ್ಲ, ತಂಗಿ. ನೀವು ಹೇಳಿದ್ದು ನನ್ನ ಕಿವಿಗೆ ಬಿತ್ತು ಅಂದ್ರ ಅದನ್ನ ನಾನು ಅವನ ಕೇಸಿಗೆ ಬಳಸಬೇಕಾಗ್ತದ, ನಿಮಗ ಏನರ ಆಗ್ಲಿ. ಅವನನ್ನ ಕಾಯಾಕ ನಾ ಇದ್ದೀನಿ. ನಿಮ್ಮನ್ನ ಕಾಯಾಕ ಒಬ್ಬರು ಬ್ಯಾಡೇನು?"

ಅವರು ನನ್ನನ್ನು ತಂಗಿ ಎಂದದ್ದು ಅದೇ ಮೊದಲು. ನಮ್ಮ ಯಜಮಾನರು ಅಡುಗೆಮನೆ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ವಕೀಲಮ್ಮನನ್ನು ಬಸ್ ಸ್ಟಾಪಿನ ತನಕ ಬಿಟ್ಟು ಬಂದರು. ಆಮೇಲೆ, "ಸೋಮವಾರ ರಜಾ ಹಾಕ್ತೀನಿ. ನಾನೇ ಕರ್ಕೊಂಡ್ ಹೋಗ್ತೀನಿ" ಎಂದರು.

ಡ್ಯಾಂಡಿನಾಂಗ್‌ನಲ್ಲೇ ಉಚಿತವಾಗಿ ಸಲಹೆ ಕೊಡುವ ವಕೀಲರಿದ್ದರು. ದಿನಾ ತರಕಾರಿಗೆ ಹೋಗುವ ಮಾರ್ಕೆಟ್ಟಿನ ಹಿಂದಿನ ಬೀದಿ. ಫೋನಿನಲ್ಲಿ ಕನ್ನಡ ಅನುವಾದ ಮಾಡುವವರನ್ನು ಇಟ್ಟುಕೊಂಡು ನನ್ನ ಮಾತನ್ನೆಲ್ಲ ಕೇಳಿದರು. ಕೋರ್ಟಿನಲ್ಲಿ ಸಾಕ್ಷಿ ಹೇಳುವವರ ಮಾತು ಅವರಿಗೇ ಕುತ್ತು ತರುವಂತಿದ್ದರೆ, ನ್ಯಾಯಾಧೀಶರು ಒಂದು ಸರ್ಟಿಫಿಕೇಟ್ ಕೊಡಬಹುದಂತೆ. ಅದು ಸಿಕ್ಕರೆ, ನಾನು ಅಲ್ಲಿ ನಿಜ ಹೇಳಿದ್ದನ್ನು ನನ್ನ ಮೇಲೇ ಕೇಸಿಗೆ ಬಳಸುವ ಹಾಗಿಲ್ಲ, ಸುಳ್ಳು ಹೇಳಿದರೆ ಮಾತ್ರ ಬಿಡುವುದಿಲ್ಲ. ವೀಸಾದ ಬಗ್ಗೆ ತಾವು ಮಾತು ಕೊಡಲಾರೆವು ಎಂದೂ ಹೇಳಿದರು. ಇಷ್ಟನ್ನು ತಿಳಿದುಕೊಳ್ಳಲು ಒಂದು ಬೆಳಗ್ಗೆ ಸಾಕಾಯಿತು. ನಾನು ಮೊದಲ ದಿನವೇ ಹೋಗಿದ್ದರೂ ಇಷ್ಟೇ ಹೊತ್ತು ಹಿಡಿಯುತ್ತಿತ್ತು.

ಅವರು ಹೂಂ ಎಂದ ಮೇಲೆ, ಮುಂದಿನ ವಾರ ಪ್ಯಾರಮ್ಯಾಟಾದ ಆ ಕೋಣೆಯಲ್ಲಿ ಕೂತೆ. ವಕೀಲಮ್ಮ ಯಂತ್ರವನ್ನು ಸರಿಯಾಗಿ ಒತ್ತಿಕೊಂಡು, "ಈಗ ಹೇಳ್ರಿ" ಎಂದರು. ಸೌಟು ನಿಂತ ಗಳಿಗೆಯನ್ನೂ ಬಿಡದೆ ಹೇಳಿದೆ. ಅದನ್ನು ಕೋರ್ಟಿನಲ್ಲಿ ಹೇಳುವುದು ಬೇಕೇ ಎಂದು ಕೇಳಿದ್ದಕ್ಕೆ, "ಗೊತ್ತಿದ್ದದ್ದು ಹೇಳ್ರಿ. ಗೊತ್ತಿಲ್ಲದ್ದು ಗೊತ್ತಿಲ್ಲ ಅನ್ರಿ. ಚಂದ ಮಾಡಿ ಹೇಳಾಕ ಹೋಗಬ್ಯಾಡ್ರಿ" ಎಂದರು. ಸಾಕ್ಷಿ ಹೇಳಲು ಅವರು ನನಗೆ ಕಲಿಸಿದ್ದು ಇಷ್ಟೇ.

ಇಲ್ಲಿ ದೊಡ್ಡ ಕೋರ್ಟಿನಲ್ಲಿ ವಾದ ಮಾಡುವವರು ಬೇರೆ; ಜ್ಯೂರಿ ಮುಂದೆ ನಮ್ಮ ಕಡೆಯಿಂದ ಮಾತಾಡಿದ್ದು ವಿಗ್ ಹಾಕಿದ ಬ್ಯಾರಿಸ್ಟರ್. ವಕೀಲಮ್ಮ ಅವರ ಹಿಂದೆ ಕೂತಿದ್ದರು. ಸರ್ಕಾರದ ಕಡೆಯವರು ಸಾಬೀತು ಮಾಡಬೇಕಿದ್ದದ್ದು ಒಂದೇ ವಿಷಯ. ಡಬ್ಬದಲ್ಲಿ ಇಂಥದ್ದಿದೆ ಎಂದು ತಮ್ಮನಿಗೆ ಗೊತ್ತಿತ್ತು, ಅಥವಾ ಇರಬಹುದು ಎಂಬ ಅನುಮಾನ ಬಂದರೂ ಅವನು ಕಣ್ಣು ಮುಚ್ಚಿಕೊಂಡಿದ್ದ. ನಾನು ಸಾಕ್ಷಿಯ ಕಟಕಟೆಯಲ್ಲಿ ನಿಂತು, ಪಾರ್ಸೆಲ್ಲಿಗೆ ಒಪ್ಪಿದವಳು ನಾನು, ಹೆಸರು ಹಾಕಿಸು ಎಂದವಳು ನಾನು ಎಂದೆ. "ಆಗ ನನಗೆ ಅನುಮಾನ ಬಂದಿತ್ತು. ತಮ್ಮನಿಗೆ ಹೇಳಲಿಲ್ಲ" ಎಂದೆ. ಅದುವರೆಗೂ ಕೈ ನೋಡುತ್ತಾ ಕೂತಿದ್ದ ತಮ್ಮ ತಲೆ ಎತ್ತಿದ. ಅನುಮಾನದ ವಿಷಯ ಅವನಿಗೂ ಗೊತ್ತಾದದ್ದು ಆಗಲೇ.

ಸರ್ಕಾರಿ ವಕೀಲರು ಕೊನೆಗೆ ಕೇಳಿದರು, ಇಷ್ಟು ದಿನ ಯಾಕೆ ಬಂದು ಹೇಳಲಿಲ್ಲ ಎಂದು.

"ಪಿಆರ್ ಹೋಗುತ್ತೆ ಅಂತ" ಎಂದೆ.

ಅನುವಾದ ಮಾಡುತ್ತಿದ್ದವರು ಇನ್ನೂ ಏನಾದರೂ ಹೇಳುತ್ತೇನೆಂದು ಕಾದರು. ಇನ್ನೇನೂ ಇರಲಿಲ್ಲ.

ಹನ್ನೆರಡೂ ಮಂದಿ ಒಪ್ಪಿದರು, ಅವನು ಅಪರಾಧಿಯಲ್ಲ ಎಂದು. ವಕೀಲಮ್ಮ ನಗಲೂ ಇಲ್ಲ, ಕೈ ಹಿಡಿದು ಕುಲುಕಲೂ ಇಲ್ಲ. ಬ್ಯಾಗಿನಿಂದ ಅವಲಕ್ಕಿ ಡಬ್ಬಿ ತೆಗೆದು ತಮ್ಮನ ಕೈಗಿಟ್ಟು, "ತಿನ್ನಪಾ, ಭಾಳ ಸೊರಗೀದಿ" ಎಂದರು. ಅವನು ಅಲ್ಲೇ ಬೆಂಚಿನ ಮೇಲೆ ಕೂತು ಡಬ್ಬಿ ಖಾಲಿ ಮಾಡಿದ.

ಅವನು ಒಳಗಿದ್ದಾಗಲೇ ಅವನ ವೀಸಾ ರದ್ದಾಗಿತ್ತು. ಓದು ಅರ್ಧಕ್ಕೆ ನಿಂತಿತು, ಊರಿಗೆ ಹೋಗಬೇಕಾಯಿತು. ಅವನು ಹೋದ ಮೇಲೆ, ತಡವಾಗಿಯಾದರೂ, ನಮಗೆ ಪಿಆರ್ ಬಂತು. ಯಾವುದು ಹೋಗುತ್ತದೆ ಎಂದು ನಾನು ಬಾಯಿ ಕಟ್ಟಿಕೊಂಡಿದ್ದೆನೋ ಅದು ಹೋಗಲಿಲ್ಲ. ಆ ಸುದ್ದಿ ಹೇಳಲು ವಕೀಲಮ್ಮನಿಗೆ ಫೋನ್ ಮಾಡಲು ಮನಸ್ಸಾಗದೆ, ಅವರು ಮತ್ತೆ ಮಗಳ ಮನೆಗೆ ಬಂದಾಗ ಹೋಗಿ ಕಂಡೆ. ಹಿಟ್ಟಿನ ಡಬ್ಬಿ ಕೊಟ್ಟು ಕೇಳಿದೆ.

"ನಾನು ಮಾಡಿದ್ದು ತಪ್ಪಲ್ವಾ ಮೇಡಂ?"

ಅವರ ಕೈ ಕಿವಿಗೆ ಹೋಯಿತು. ತೆಗೆದಿಡುತ್ತಾರೆ ಎಂದುಕೊಂಡೆ. ಇಲ್ಲ, ಒತ್ತಿಕೊಂಡರು.

"ಹೌದು. ತಡಾ ಮಾಡಿದ್ರಿ. ಆ ಹುಡುಗನ ವರ್ಷ ಹೋದ್ವು. ಇಲ್ಲ ಅಂತ ನಾ ಹೆಂಗ ಅನ್ನಲಿ? ಆದ್ರ ಬಂದ್ರಿ. ಬರದಽ ಉಳಿದವರನ್ನೂ ನೋಡೀನಿ." ಹಿಟ್ಟಿನ ಡಬ್ಬಿಯನ್ನು ಬದಿಗಿಟ್ಟು, "ಇದನ್ನ ನನ್ನ ಮುಂದ ಹೇಳಿದ್ರ ಏನು ಬಂತು? ಅವನ ಮುಂದ ಹೇಳ್ರಿ" ಎಂದರು.

ಹೇಳಲಿಲ್ಲ. ತಮ್ಮ ಈಗ ಮೈಸೂರಿನಲ್ಲಿ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿದ್ದಾನೆ. ಭಾನುವಾರ ಮಾತಾಡುತ್ತೇವೆ. ಊಟ, ಮಳೆ, ಮೊಣಕಾಲು ನೋವು. ಕೋರ್ಟಿನ ಮಾತು ಅವನೂ ಎತ್ತುವುದಿಲ್ಲ, ನಾನೂ ಎತ್ತಲಿಲ್ಲ.

ಕಳೆದ ಚಳಿಗಾಲದಲ್ಲಿ ವಕೀಲಮ್ಮ ತೀರಿಕೊಂಡರು. ಎದೆ ನೋವು ಎಂದು ಆಸ್ಪತ್ರೆಗೆ ಹೋದವರು ಮನೆಗೆ ಬರಲಿಲ್ಲ. ಸಿಡ್ನಿಗೆ ಹೋಗಿ ಕೊನೆಯ ದರ್ಶನ ಮಾಡಿದೆ. ಕಿವಿಯಂತ್ರ ತೆಗೆದಿದ್ದರು. ಎಡಗಿವಿಯ ಹಿಂದೆ, ಅಷ್ಟು ವರ್ಷ ಅದು ಕೂತಿದ್ದ ಜಾಗದಲ್ಲಿ, ತೆಳ್ಳಗೆ ಒಂದು ಗುರುತು ಉಳಿದಿತ್ತು.

ಹೊರಗೆ ಬಂದು ತಮ್ಮನಿಗೆ ಫೋನ್ ಮಾಡಿದೆ. ಸುದ್ದಿ ಹೇಳಿದೆ.

"ಅವ್ರಿಗೆ ನಾನು ಮೊದಲ್ನೇ ದಿನಾನೇ ಎಲ್ಲಾ ಹೇಳಿದ್ದೆ ಅಕ್ಕ" ಎಂದ. "ಪಾರ್ಸೆಲ್ ಇಸ್ಕೊ ಅಂದಿದ್ದು ಅಕ್ಕ ಅಂತ. ಆದ್ರೆ ಅಕ್ಕನ್ನ ಮಾತ್ರ ಇದಕ್ಕೆ ಎಳೀಬೇಡಿ ಅಂದಿದ್ದೆ. ಅದಕ್ಕೆ ಅವ್ರು, ‘ನೀ ಬ್ಯಾಡ ಅಂದ್ರ ನಾ ಆಕೀನ ಕರಿಯೂ ಹಂಗಿಲ್ಲಪಾ, ನೀ ಹೇಳಿದ್ದನ್ನ ಆಕಿ ಮುಂದ ಬಾಯಿ ಬಿಡೂ ಹಂಗೂ ಇಲ್ಲ, ಆಕೀನೇ ತಾನಾಗಿ ಬರಬೇಕು’ ಅಂದ್ರು. ನೀನು ಅವ್ರ ಹತ್ರ ಹೋಗಿ ಎಲ್ಲಾ ಹೇಳಿದ್ಮೇಲೆ ಅವ್ರು ಜೈಲಿಗೆ ಬಂದು, ಇನ್ನರ ಹಟ ಬಿಡು ಅಂತ ಬೈದು ಒಪ್ಪಿಸಿದ್ರು."

ಹಾಗಾದರೆ ನಾನು ಮುಷ್ಟಿಯಲ್ಲಿ ಅವಲಕ್ಕಿ ಹಿಡಿದು ಕೂತಿದ್ದ ದಿನವೇ ಅವರಿಗೆ ಎಲ್ಲ ಗೊತ್ತಿತ್ತು. ಒಂದು ಕಡೆ ಇವನ ಮಾತು, ಇನ್ನೊಂದು ಕಡೆ ನಾನು. ಎರಡರ ನಡುವೆ ಅವರಿಗೆ ಉಳಿದಿದ್ದದ್ದು ಫೋನ್ ಮಾಡಿ, ವಕೀಲರನ್ನು ಕಂಡಿರೇನು ಎಂದು ಕೇಳುವುದಷ್ಟೇ. ಅಷ್ಟನ್ನು ಅವರು ಬಿಡದೆ ಮಾಡಿದರು. ನಾನು ಗ್ರೈಂಡರ್ ಹಾಕುತ್ತಿದ್ದೆ.

"ಕೇಳಿಸ್ತಾ ಇದೆಯೇನೋ?" ಎಂದೆ.

"ಹೂಂ."

"ನಂದು ತಪ್ಪಾಯ್ತು ಕಣೋ. ಪಾರ್ಸೆಲ್ಲಿಂದೂ ತಪ್ಪಾಯ್ತು, ಆಮೇಲೆ ಸುಮ್ನೆ ಕೂತಿದ್ದೂ ತಪ್ಪಾಯ್ತು."

ಆ ಕಡೆ ಪ್ರೆಸ್ಸಿನ ಮಿಷನ್ ಓಡುವ ಸದ್ದು ಬರುತ್ತಿತ್ತು. ಅವನ ಉಸಿರೂ ಸ್ಪಷ್ಟವಾಗಿ ಕೇಳುತ್ತಿತ್ತು.

"ಇಲ್ಲಿ ಸೌಂಡ್ ಜಾಸ್ತಿ ಅಕ್ಕ. ಏನೂ ಕೇಳಿಸ್ಲಿಲ್ಲ ಬಿಡು" ಎಂದ.

ನಾನು ಇನ್ನೊಮ್ಮೆ ಹೇಳಿದೆ.